ಲಕೋಟೆಗೆ ಹಿಡಿಯದ ಗುಲಾಬಿ

ಮಾರ್ಚ್ 3, ಸೋಮವಾರ

ಊಟದ ಟೇಬಲ್ಲಿನ ಮೇಲೆ ತಟ್ಟೆ ಇಟ್ಟು ಊಟ ಮಾಡಿ ಎಷ್ಟು ದಿನವಾಯಿತೋ. ಅದರ ಮೇಲೆ ಈಗ ಹೂವುಗಳು ಬೆಳೆಯುತ್ತಿವೆ. ನೀಲಿ ಗುಲಾಬಿ, ಕಂದು ಗುಲಾಬಿ, ಹಳೆಯ ಪುಸ್ತಕದ ಹಾಳೆ ಹರಿದು ಮಾಡಿದ, ಮೈತುಂಬ ಅಕ್ಷರ ಮೆತ್ತಿಕೊಂಡ ಗುಲಾಬಿ. ಒಂದಕ್ಕೆ ಆರು ದಳ, ಪಕ್ಕದ್ದಕ್ಕೆ ಏಳು, ಯಾವುದಕ್ಕೂ ಹೇಳುವವರು ಕೇಳುವವರು ಇಲ್ಲ. ಹೂವೆಂದರೆ ಏನು ಎಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂದು ಜನ್ಮಕ್ಕಾಗುವಷ್ಟು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವಳು ನಾನು. ಪುಷ್ಪಪತ್ರ, ದಳ, ಕೇಸರ, ಶಲಾಕೆ. ಈ ಟೇಬಲ್ಲಿನ ಮೇಲಿರುವುದಕ್ಕೆ ಅವುಗಳಲ್ಲಿ ಒಂದಾದರೂ ಇದೆಯೇ? ಕಾಗದವನ್ನು ಸುರುಳಿಯಾಗಿ ಕತ್ತರಿಸಿ, ಕಡ್ಡಿಗೆ ಸುತ್ತಿ, ಬುಡಕ್ಕೆ ಅಂಟು ಮೆತ್ತಿದರೆ ಹೂವಾಯಿತಂತೆ. ಮಾಡಲು ಬದುಕಿಲ್ಲದ ಹೆಂಗಸರು ಫೋಟೋ ಆಲ್ಬಮ್ಮಿಗೂ ಶುಭಾಶಯದ ಕಾರ್ಡಿಗೂ ಅಂಟಿಸಿಕೊಳ್ಳಲು ಈ ಕಸವನ್ನು ಕೊಳ್ಳುತ್ತಾರಂತೆ. ಲೋಕದಲ್ಲಿ ಮೂರ್ಖರಿಗೆ ಬರವಿಲ್ಲ.

ಇವಳನ್ನು ಸೊಸೆ ಎಂದು ಬರೆಯಬೇಕೋ ಬೇಡವೋ, ಅದೂ ಗೊತ್ತಾಗುತ್ತಿಲ್ಲ. ಮಗ ಇವಳನ್ನು ಬಿಟ್ಟು ಊರಿನ ಆ ತುದಿಯಲ್ಲಿ ಇನ್ನೊಬ್ಬಳ ಜತೆ ಮನೆ ಮಾಡಿದ್ದಾನೆ. ಮಗ ಬಿಟ್ಟವಳು ಅತ್ತೆಗೆ ಏನಾಗಬೇಕು? ಮಕ್ಕಳಿಲ್ಲ, ಮರಿಯಿಲ್ಲ, ತವರಿನಲ್ಲಿ ಬಾಗಿಲು ತೆಗೆಯುವವರೂ ಇಲ್ಲ. ಹಾಗಾಗಿ ಇಲ್ಲೇ ಕೂತು ಕಾಗದ ಸುತ್ತುತ್ತಾಳೆ.

ಇವತ್ತು ಮಗ ಫೋನ್ ಮಾಡಿದ್ದ. "ಅಮ್ಮಾ, ಆ ಮನೆ ಮಾರಿಬಿಡೋಣ. ನೀನು ನಮ್ಮ ಜೊತೆ ಬಂದು ಇದ್ದುಬಿಡು. ಅವಳಿಗೆ ಈಗಲೇ ಏನೂ ಹೇಳ್ಬೇಡ, ಸುಮ್ನೆ ರಂಪ ಮಾಡ್ತಾಳೆ." ಮನೆ ನನ್ನ ಹೆಸರಿನಲ್ಲಿದೆ, ನನ್ನ ಸಂಬಳದಿಂದ ಎದ್ದ ಗೋಡೆಗಳು ಇವು. ಆಗಲಿ ಎಂದೆ. ಹೆತ್ತವಳು ಮಗನ ಹತ್ತಿರ ಇರದೆ ಇನ್ನೆಲ್ಲಿರಬೇಕು? ಇವಳ ದಾರಿ ಇವಳು ನೋಡಿಕೊಳ್ಳಲಿ, ಚಿಕ್ಕ ವಯಸ್ಸು, ಕೈಕಾಲು ಗಟ್ಟಿಯಾಗಿವೆ.

ಮಾರ್ಚ್ 5, ಬುಧವಾರ

ಇವಳು ಹೂವಿನ ಡಬ್ಬಿ ಹೊತ್ತು ಬಸ್ ಸ್ಟಾಪಿನ ಹತ್ತಿರದ ಸ್ಟೇಷನರಿ ಅಂಗಡಿಗೆ ಹೋದ ಹೊತ್ತು ನೋಡಿ ದಲ್ಲಾಳಿಯನ್ನು ಕರೆಸಿದ್ದೆ. ಗೋಡೆ ತಟ್ಟಿದ, ನಲ್ಲಿ ತಿರುಗಿಸಿದ, ಕೋಣೆ ಕೋಣೆಗೂ ಹೋಗಿ "ಫಸ್ಟ್ ಕ್ಲಾಸ್ ಮೇಡಂ" ಎಂದ. ಬಾಯಿಬಡುಕ. ಬಚ್ಚಲುಮನೆಗೂ ಫಸ್ಟ್ ಕ್ಲಾಸ್ ಎಂದಮೇಲೆ ಆ ಮಾತಿಗೆ ಬೆಲೆ ಎಲ್ಲಿಂದ ಬಂತು?

ಇವಳು ಬಂದ ಮೇಲೆ ಕೇಳಿದೆ. "ನೀಲಿ ಗುಲಾಬಿ ಎಲ್ಲಾದ್ರೂ ನೋಡಿದ್ದೀಯೇನೆ ನಿನ್ನ ಜನ್ಮದಲ್ಲಿ?"

"ಈಗ ನೋಡ್ತಿದ್ದೀನಲ್ಲ ಅತ್ತೆ," ಎಂದಳು, ತಲೆಯೆತ್ತದೆ.

ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಗಂಡ ಹೋದಾಗಲೂ ಹೀಗೇ ಇದ್ದಳು. ಎರಡು ದಿನ ಮುಖ ಊದಿಸಿಕೊಂಡಿದ್ದಳು, ಮೂರನೆಯ ದಿನ ಕತ್ತರಿ ಹಿಡಿದು ಕೂತಳು. ಹೀಗೆ ಕಲ್ಲಿನಂತಿದ್ದರೆ ಯಾವ ಗಂಡಸು ನಿಲ್ಲುತ್ತಾನೆ?

ಮಾರ್ಚ್ 9, ಭಾನುವಾರ

ಮಗ ಇವತ್ತು ಬಂದು ಮನೆ ಮಾರಾಟದ ವಿಚಾರ ಮಾತಾಡುತ್ತೇನೆ, ನಿನ್ನನ್ನೂ ಒಂದು ಸಲ ಕರೆದುಕೊಂಡು ಹೋಗಿ ಅಲ್ಲಿಯ ಮನೆ ತೋರಿಸುತ್ತೇನೆ ಎಂದಿದ್ದ. ಇಸ್ತ್ರಿ ಬಟ್ಟೆ ಹಾಕಿಕೊಂಡು ಬೆಳಗಿನಿಂದ ಕುರ್ಚಿಯಲ್ಲಿ ಕೂತಿದ್ದೆ. ಬರಲಿಲ್ಲ. ಮಧ್ಯಾಹ್ನ ಫೋನಿನಲ್ಲಿ, "ಆಕೆಗೆ ತಲೆನೋವು ಅಮ್ಮಾ," ಎಂದ. ಆಕೆಯನ್ನು ನಾನು ಒಂದೇ ಸಲ ನೋಡಿದ್ದು. ತಲೆಯೊಳಗೆ ನೋಯುವಂಥದ್ದು ಏನಾದರೂ ಇದೆ ಎಂದು ಅನ್ನಿಸಿರಲಿಲ್ಲ.

ಇವಳು ನನ್ನ ಬಟ್ಟೆ ನೋಡಿದಳು, ಎಲ್ಲಿಗೆ ಎಂದು ಕೇಳಲಿಲ್ಲ. ಕಾಫಿ ತಂದಿಟ್ಟು ಹೋದಳು. ಕೇಳಿದ್ದರೆ ಎರಡು ಮಾತು ಬೈಯಬಹುದಿತ್ತು.

ಕಾಯುವಾಗ ಕೈ ಸುಮ್ಮನಿರುವುದಿಲ್ಲವಲ್ಲ. ತಟ್ಟೆಯಲ್ಲಿದ್ದ ಒಂದಷ್ಟು ದಳಗಳನ್ನು ಎತ್ತಿಕೊಂಡು ಅಂಚು ನೋಡಿದೆ. ಎಲ್ಲವೂ ಒಂದೇ ಅಳತೆ, ಅಚ್ಚು ಒತ್ತಿದ ಬಿಸ್ಕತ್ತಿನ ಹಾಗೆ. ಒಳಗಿನ ದಳ ಚಿಕ್ಕದು, ಹೊರಗಿನದು ದೊಡ್ಡದು, ಹೊರಗಿನದು ಹಿಂದಕ್ಕೆ ಬಾಗಿರಬೇಕು. ಆರನೆಯ ತರಗತಿಯ ಹುಡುಗಿಗೂ ಗೊತ್ತಿರುವ ವಿಷಯ. ಕೆಲವನ್ನು ಕತ್ತರಿಸಿ ಸರಿ ಮಾಡಿಟ್ಟೆ. ಉಪಕಾರಕ್ಕಲ್ಲ, ಕಣ್ಣಿಗೆ ಹಿಂಸೆಯಾಗುತ್ತಿತ್ತು.

ಮಾರ್ಚ್ 14, ಶುಕ್ರವಾರ

ಅಂಗಡಿಯವನು ದೊಡ್ಡ ಆರ್ಡರ್ ಕೊಟ್ಟಿದ್ದಾನಂತೆ. ಆಲ್ಬಮ್ ಮಾಡುವವರಿಗೆ ಹೂವು, ಎಲೆ, ಬಣ್ಣದ ಹಾಳೆ ಎಲ್ಲ ಒಂದೇ ಡಬ್ಬಿಯಲ್ಲಿ ತುಂಬಿ ಮಾರುವ ಯೋಚನೆ ಅವನದು. ಇವಳು ಹಿಗ್ಗಿ ಹೀರೇಕಾಯಿಯಾದಳು. ಹಿಗ್ಗಿದ್ದಕ್ಕೆ ತಕ್ಕ ಹಾಗೆ ಇವತ್ತು ಬಿಸಿ ಅಂಟಿನ ಗನ್ನು ಹಿಡಿಯುವಾಗ ಅಂಟು ಸುರಿದುಕೊಂಡು ಬಲಗೈಯ ಎರಡು ಬೆರಳು ಸುಟ್ಟುಕೊಂಡಳು. ಬೊಬ್ಬೆ ಎದ್ದಿವೆ. ಅಳಲೂ ಇಲ್ಲ, ಕೂಗಲೂ ಇಲ್ಲ, ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು.

"ಬೇರೆಯವರಿಗೆ ಕೊಡು ಅಂತ ಅಂಗಡಿಯವನಿಗೆ ಹೇಳು," ಎಂದೆ.

"ಕೊಟ್ರೆ ಇನ್ನು ನನ್ನ ಹತ್ರ ಬರಲ್ಲ ಅತ್ತೆ ಅವ್ರು."

"ಬರದೇ ಇದ್ರೆ ಆಕಾಶ ಕಳಚಿ ಬೀಳುತ್ತಾ?"

"ನನ್ನ ಮೇಲೆ ಬೀಳುತ್ತೆ," ಎಂದಳು.

ಎಡಗೈಯಲ್ಲಿ ಸುತ್ತಲು ಹೊರಟಳು. ಸುತ್ತಿದ್ದು ಗುಲಾಬಿಯೋ ಎಲೆಕೋಸೋ ಎಂದು ಹೇಳಲಾಗದು. ಅದನ್ನು ನೋಡುತ್ತಾ ಕೂರುವುದಕ್ಕಿಂತ ನಾನೇ ಮಾಡುವುದು ವಾಸಿ ಎಂದು ಕಡ್ಡಿ ಕಿತ್ತುಕೊಂಡೆ. ಕಡ್ಡಿಯ ತುದಿಯ ಸೀಳಿನೊಳಗೆ ಕಾಗದದ ಕೊನೆ ಸಿಕ್ಕಿಸಿ ಸುತ್ತುತ್ತಾ ಹೋಗಬೇಕು. ಕೈ ಸಡಿಲವಾದರೆ ಬುರ್ರೆಂದು ಬಿಚ್ಚಿಕೊಳ್ಳುತ್ತದೆ. ಮೊದಲನೆಯದು ಬಿಚ್ಚಿಕೊಂಡಿತು. ಎರಡನೆಯದೂ ಬಿಚ್ಚಿಕೊಂಡಿತು. ಇವಳು ಬಾಯಿಗೆ ಸೆರಗು ಹಿಡಿದುಕೊಂಡಳು. ನಕ್ಕಿದ್ದು ಗೊತ್ತಾಗಲಿಲ್ಲ ಎಂದುಕೊಂಡಿದ್ದಾಳೆ.

ಮಾರ್ಚ್ 18, ಮಂಗಳವಾರ

ಇವತ್ತು ನಾನೊಂದು ಗುಲಾಬಿ ಮಾಡಿದೆ. ಹೂವು ಎಂದರೆ ಅದು. ದಳಗಳನ್ನು ಒಂದೊಂದಾಗಿ ಒದ್ದೆ ಮಾಡಿ, ಸ್ಪಂಜಿನ ಮೇಲಿಟ್ಟು, ಗುಂಡುತಲೆಯ ಕಡ್ಡಿಯಿಂದ ಒತ್ತಿ ಬಟ್ಟಲಿನ ಹಾಗೆ ಮಾಡಿದೆ. ದಾರದ ತುದಿಗೆ ಹಳದಿ ಬಣ್ಣ ಅದ್ದಿ ಕೇಸರ ಕೂರಿಸಿದೆ. ಕೆಳಗೆ ಐದು ಪುಷ್ಪಪತ್ರ, ಬೇಕಾದರೆ ಎಣಿಸಿಕೊಳ್ಳಲಿ. ನನ್ನ ಕ್ಲಾಸಿನಲ್ಲಿ ತಂದಿಟ್ಟಿದ್ದರೆ ಹುಡುಗಿಯರು ಮೂಗು ಹತ್ತಿರ ತಂದು ವಾಸನೆ ನೋಡುತ್ತಿದ್ದರು. ಆಮೇಲೆ ಅದೇ ರೀತಿ ಒಂದು ತಟ್ಟೆ ತುಂಬ ಮಾಡಿದೆ.

ಇವಳು ಬಹಳ ಹೊತ್ತು ನೋಡಿದಳು. "ತುಂಬಾ ಚೆನ್ನಾಗಿದೆ ಅತ್ತೆ. ಆದ್ರೆ..."

"ಆದ್ರೆ ಗೀದ್ರೆ ಬೇಡ. ಡಬ್ಬಿಗೆ ಹಾಕು."

ಹಾಕಿದಳು. ಹೇಳಿದಂತೆ ಕೇಳುವುದೊಂದು ಗುಣ ಇದೆ, ಅದಾದರೂ ಇರಲಿ.

ಮಾರ್ಚ್ 19, ಬುಧವಾರ

ಅಂಗಡಿಯವನಿಗೆ ನನ್ನ ಗುಲಾಬಿ ತೋರಿಸಬೇಕೆಂದು ನಾನೂ ಹೋಗಿದ್ದೆ. ಹೋಗಬಾರದಿತ್ತು. ಆ ಮನುಷ್ಯನ ಮುಖ ಮೊದಲೇ ಒಣಗಿದ ಅಂಟಿನ ಹಾಗೆ. ನನ್ನ ಗುಲಾಬಿಯನ್ನು ಒಂದು ಕಾರ್ಡಿನ ಮೇಲಿಟ್ಟ. ಕಾರ್ಡನ್ನು ಲಕೋಟೆಗೆ ತೂರಿಸಿದ. ಹೋಗಲಿಲ್ಲ. ಒತ್ತಿದ, ಲಕೋಟೆ ಹರಿಯಿತು. ಇನ್ನೊಂದನ್ನು ಆಲ್ಬಮ್ಮಿನ ಹಾಳೆಯ ಮೇಲಿಟ್ಟು ಮುಚ್ಚಿದ. ಆಲ್ಬಮ್ ಬಾಯಿ ಬಿಟ್ಟುಕೊಂಡು ನಿಂತಿತು.

"ಟೀಚರ್, ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ. ನಮ್ಮ ಹೂವು ಚಪ್ಪಟೆ ಇರ್ಬೇಕು," ಎಂದ.

ಕೌಂಟರಿನ ಹತ್ತಿರ ಇಬ್ಬರು ಹೆಂಗಸರು ನೋಡುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಇವಳು, "ಅಯ್ಯೋ, ಅದು ಡಬ್ಬಿಗಲ್ಲ ಸಾರ್, ನಿಮ್ಮ ಶೋಕೇಸಿಗೆ ಅಂತ ನಾನೇ ಹೇಳಿ ಮಾಡಿಸಿದ್ದು. ಮರೆತು ಇದರೊಳಗೆ ಸೇರಿಸಿಬಿಟ್ಟೆ," ಎಂದಳು. ರೆಪ್ಪೆ ಹೊಡೆಯದೆ ಹೇಳಿದಳು. ಅಂಗಡಿಯವನು ನಂಬಿ ಅವನ್ನು ಗಾಜಿನ ಕಪಾಟಿನಲ್ಲಿ ಇಟ್ಟ.

ಸುಳ್ಳು ಹೇಳುವುದರಲ್ಲಿ ನಿಸ್ಸೀಮಳು. ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮಾರ್ಚ್ 25, ಮಂಗಳವಾರ

ಚಪ್ಪಟೆ ಗುಲಾಬಿ ಮಾಡಲು ಕೈಗೆ ಬಂತು. ಸುತ್ತಿದ ಮೇಲೆ ಅಂಗೈಯಲ್ಲಿಟ್ಟು ಸ್ವಲ್ಪ ಬಿಚ್ಚಲು ಬಿಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಇನ್ನೊಂದು, ಕಾಗದಕ್ಕೂ ಒಂದು ದಿಕ್ಕು ಇರುತ್ತದೆ. ಆ ದಿಕ್ಕಿಗೆ ಬಾಗಿಸಿದರೆ ಬಾಗುತ್ತದೆ, ಅಡ್ಡಕ್ಕೆ ಬಾಗಿಸಿದರೆ ಬಿರಿಯುತ್ತದೆ. ಇವಳಿಗೆ ಇದು ಗೊತ್ತಿದೆ, ಆದರೆ ಹೇಳಲು ಬರುವುದಿಲ್ಲ. "ಹಿಂಗೆ ಮುಟ್ಟಿ ನೋಡಿ ಅತ್ತೆ," ಎನ್ನುತ್ತಾಳೆ. ಕಲಿಸುವ ಕಲೆ ಎಲ್ಲರಿಗೂ ಎಲ್ಲಿಂದ ಬರಬೇಕು.

ಇವಳ ಬೆರಳು ವಾಸಿಯಾಗಿದೆ. ನಾನು ಇನ್ನು ಸುತ್ತಬೇಕಾಗಿಲ್ಲ. ಆದರೆ ಎಲೆಗಳನ್ನು ಇವಳ ಕೈಗೆ ಬಿಡುವ ಹಾಗಿಲ್ಲ, ನರವನ್ನು ಎಲ್ಲೆಂದರಲ್ಲಿ ಗೀಚುತ್ತಾಳೆ. ಎಲೆ ನಾನು ಮಾಡುತ್ತೇನೆ.

ದಲ್ಲಾಳಿ ಫೋನ್ ಮಾಡಿದ್ದ. ಭಾನುವಾರ ಮನೆ ಕೊಳ್ಳುವ ಒಂದು ಪಾರ್ಟಿ ಬರುತ್ತದಂತೆ, ಮಗನ ಜತೆ ಮಾತಾಗಿದೆಯಂತೆ. ಫಸ್ಟ್ ಕ್ಲಾಸ್ ಪಾರ್ಟಿಯಂತೆ.

ಮಾರ್ಚ್ 30, ಭಾನುವಾರ

ಪಾರ್ಟಿ ಎಂದರೆ ಗಂಡ ಹೆಂಡತಿ, ಜತೆಗೆ ದಲ್ಲಾಳಿ. ಇವಳು ಅಂಗಡಿಯಿಂದ ಬರುವುದು ತಡವಾಗುತ್ತದೆಂದು ಆ ಹೊತ್ತಿಗೆ ಕರೆಸಿದ್ದೆ. ನನ್ನ ಗ್ರಹಚಾರ, ಅವರು ಚಪ್ಪಲಿ ಬಿಡುವಷ್ಟರಲ್ಲಿ ಇವಳೂ ಬಂದುಬಿಟ್ಟಳು. "ನನ್ನ ಹಳೇ ಸ್ಟೂಡೆಂಟು, ಗಂಡನ್ನ ಕರ್ಕೊಂಡು ನೋಡೋಕೆ ಬಂದಿದ್ದಾಳೆ," ಎಂದೆ. ಇವಳು ತಲೆಯಾಡಿಸಿ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದಳು.

ಆ ಹೆಂಗಸು ನನ್ನ ಮನೆಯೊಳಗೆ ತನ್ನ ಮನೆಯ ಹಾಗೆ ಓಡಾಡಿದಳು. ಈ ಗೋಡೆ ಒಡೆಸಬೇಕು, ಆ ಕಿಟಕಿ ಮುಚ್ಚಿಸಬೇಕು ಎಂದು ಪಿಸುಪಿಸು. ನಾನು ಪರದೆ ಹಾಕಿ, ಗಿಡ ಇಟ್ಟು, ಬೆಳಕು ಬರುವಂತೆ ಮಾಡಿಸಿದ ಕಿಟಕಿ. ಮುಚ್ಚಿಸುತ್ತಾಳಂತೆ. ಗಂಡನೋ, ಹೇಳಿ ಮಾಡಿಸಿದ ಜೋಡಿ. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಎಲ್ಲಿಡುವುದೆಂದು ಸುತ್ತ ನೋಡಿ, ಸೀದಾ ಒಣಗಲಿಟ್ಟಿದ್ದ ಹೂವಿನ ತಟ್ಟೆಯ ಮೇಲೆ ಇಟ್ಟ.

ಹಳದಿ ಹೂವಿನ ತಟ್ಟೆ. ಒಂದು ವಾರದ ಕೆಲಸ. ಅಂಟು ಇನ್ನೂ ಹಸಿಯಾಗಿತ್ತು.

"ಕಣ್ಣು ಎಲ್ಲಿಟ್ಟಿದ್ದೀರಿ?" ಎಂದೆ.

"ಪೇಪರ್ ತಾನೇ ಆಂಟಿ," ಎಂದು ನಕ್ಕ.

ಆಮೇಲೆ ನಾನು ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ನಿಮ್ಮ ಮನೆಯಲ್ಲಿ ಮಗು ಮಲಗಿದ್ದರೂ ಮೇಲೆ ಹೆಲ್ಮೆಟ್ ಇಡುತ್ತೀರಾ ಎಂದದ್ದು ನೆನಪಿದೆ. ದಲ್ಲಾಳಿ "ಮೇಡಂ, ಮೇಡಂ" ಎನ್ನುತ್ತಾ ಅವರನ್ನು ಹೊರಗೆ ದಾಟಿಸಿದ. ಒಳ್ಳೆಯದೇ ಆಯಿತು. ಬೇರೆ ಪಾರ್ಟಿ ಸಿಗುತ್ತದೆ. ಮನೆ ಮಾರುವುದು ಮಾರುವುದೇ, ಆದರೆ ಇಂಥ ಕುರಿಗಳಿಗಲ್ಲ.

ಇವಳು ಜಜ್ಜಿದ ಹೂವುಗಳನ್ನು ಒಂದೊಂದೇ ಎತ್ತಿ ನೋಡುತ್ತಿದ್ದಳು. "ನಿಮ್ಮ ಸ್ಟೂಡೆಂಟ್ ಗಂಡ ಸ್ವಲ್ಪ ಒರಟು," ಎಂದಳು, ಅಷ್ಟೇ.

ಮಾರ್ಚ್ 31, ಸೋಮವಾರ

ಮಗನ ಫೋನ್. ಹಲೋ ಕೂಡ ಇಲ್ಲ.

"ಅಮ್ಮಾ, ಏನಂದೆ ಅವ್ರಿಗೆ? ಒಳ್ಳೇ ಪಾರ್ಟಿ ಅದು. ಆ ಕಸಕ್ಕೋಸ್ಕರ ಜಗಳ ಆಡಿದ್ಯಂತೆ."

"ಕಸ ಅಂತ ಹೇಳೋಕೆ ನೀನ್ಯಾರೋ? ಒಂದು ಎಲೆ ಕತ್ತರಿಸೋಕೆ ಬರುತ್ತಾ ನಿನಗೆ?"

 ಯಾಕೆ ಹಾಗೆ ಬಾಯಿಗೆ ಬಂತೋ ನನಗೇ ತಿಳಿಯಲಿಲ್ಲ. ಮಾತು ತಿರುಗಿಸಲೆಂದು, ಅಲ್ಲಿ ನನಗೆ ಯಾವ ಕೋಣೆ ಎಂದು ಕೇಳಿದೆ. ಕಿಟಕಿ ಇದೆಯೇ, ಬಚ್ಚಲು ಹತ್ತಿರವೇ ಎಂದು.

"ಅದೆಲ್ಲಾ ನೋಡೋಣಮ್ಮಾ. ಮೊದ್ಲು ಮನೆ ಮಾರಾಟ ಆಗ್ಲಿ. ಇಲ್ಲಿ ಸದ್ಯಕ್ಕೆ ಜಾಗ ಸ್ವಲ್ಪ ಇಕ್ಕಟ್ಟು. ಅಲ್ಲೀವರೆಗೂ ಚಿಕ್ಕಮ್ಮನ ಮನೇಲಿ ಇರು."

"ಎಲ್ಲೀವರೆಗೂ?"

"ನೋಡೋಣ ಅಂದ್ನಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವನ ಅಪ್ಪನಿಂದ ಬಂದ ವಿದ್ಯೆ. ನನ್ನ ತಂಗಿಯ ಮನೆಯಂತೆ. ಮಾತಾಡುವಾಗ ಉಸಿರೂ ತೆಗೆದುಕೊಳ್ಳದವಳು ಅವಳು, ಸೊಸೆಯರಿಬ್ಬರನ್ನೂ ಓಡಿಸಿ ಕೂತಿದ್ದಾಳೆ. ಅವಳ ಹಜಾರದ ಸೋಫಾದ ಮೇಲೆ ನಾನು ಮಲಗಬೇಕಂತೆ, ಈ ವಯಸ್ಸಿನಲ್ಲಿ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಸುಮ್ಮನೆ ಹೇಳಿಲ್ಲ. ಹೆಗ್ಗಣವಾದರೂ ನನ್ನದೇ. ಏನೋ ಕಷ್ಟ ಇರಬೇಕು ಅವನಿಗೆ.  ಮಧ್ಯಾಹ್ನ ಊಟ ಸೇರಲಿಲ್ಲ.

ಏಪ್ರಿಲ್ 2, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ಎಲೆ ಕತ್ತರಿಸಿದೆ.

ಏಪ್ರಿಲ್ 6, ಭಾನುವಾರ

ದಲ್ಲಾಳಿ ಇನ್ನೊಂದು ಪಾರ್ಟಿ ತಂದಿದ್ದಾನೆ. ಮನೆ ನೋಡುವುದೂ ಬೇಡವಂತೆ, ನಾನು ಹೂಂ ಎಂದರೆ ಸಾಕಂತೆ. ಮಗ ಬುಧವಾರ ಬರುತ್ತೇನೆ ಎಂದಿದ್ದಾನೆ. ಇನ್ನು ಇವಳಿಗೆ ಹೇಳದೆ ಇರುವ ಹಾಗಿಲ್ಲ. ಬೀದಿಗೆ ಬೀಳುವ ದಿನ ಹೇಳುವುದಕ್ಕಿಂತ ಮೊದಲೇ ಹೇಳುವುದು ಮರ್ಯಾದೆ. ಟೇಬಲ್ಲಿಗೆ ಎದುರುಬದುರು ಕೂತಿದ್ದೆವು. ಇವಳು ದಳಗಳ ಅಂಚಿಗೆ ಕಂದು ಮಸಿ ಸವರುತ್ತಿದ್ದಳು. ಯಾವ ಮಾತಿನಿಂದ ಶುರು ಮಾಡಬೇಕೆಂದು ತಿಳಿಯದೆ, ಹೇಳಿಯೇಬಿಟ್ಟೆ. ಮನೆ ಮಾರುತ್ತಿದ್ದೇನೆ, ನೀನು ಬೇರೆ ಜಾಗ ನೋಡಿಕೋ ಎಂದು.

ಇವಳು ಸ್ಪಂಜನ್ನು ಕೆಳಗಿಟ್ಟಳು. "ಗೊತ್ತು ಅತ್ತೆ."

"ಏನು ಗೊತ್ತು?"

"ಅವ್ರು ನನಗೆ ಹೋದ ವಾರಾನೇ ಫೋನ್ ಮಾಡಿ ಹೇಳಿದ್ರು, ಖಾಲಿ ಮಾಡು ಅಂತ. ಅದಕ್ಕೂ ಮುಂಚೆ ಗೊತ್ತಿತ್ತು. ದಲ್ಲಾಳಿ ನಮ್ಮ ಅಂಗಡಿಯವರ ಭಾವಮೈದುನ."

ಕಾಫಿ ಮಾಡಿ ತಂದಳಲ್ಲ ಅವತ್ತು, ಆ ಹೆಲ್ಮೆಟ್ಟಿನವನಿಗೆ. ಎಲ್ಲ ಗೊತ್ತಿದ್ದೂ. ನನಗೆ ಮೈ ಉರಿಯಿತು. "ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ನೀವೂ ಹೇಳಿರ್ಲಿಲ್ವಲ್ಲ ಅತ್ತೆ," ಎಂದಳು. ಜಗಳದ ದನಿಯಲ್ಲಿ ಅಲ್ಲ. ಹಾಗೆ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. "ರೂಮ್ ಒಂದು ನೋಡಿದ್ದೀನಿ. ಅಂಗಡಿ ಹಿಂದಿನ ಓಣೀಲಿ. ಚಿಕ್ಕದು. ಎರಡು ಮಂಚ ಹಿಡಿಸುತ್ತೆ."

"ಎರಡು ಮಂಚ ಯಾಕೆ?"

ದಳವನ್ನು ಬೆಳಕಿಗೆ ಹಿಡಿದು ನೋಡಿದಳು, ನನ್ನನ್ನು ನೋಡಲಿಲ್ಲ. "ಅವ್ರು ನಿಮ್ಮನ್ನ ಕರ್ಕೊಂಡು ಹೋಗಲ್ಲ ಅತ್ತೆ. ಹನ್ನೆರಡು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಗೊತ್ತು ಅವ್ರ 'ನೋಡೋಣ'. ನಿಮಗೆ ಹೇಳೋಕೆ ಮನಸ್ಸು ಬರ್ಲಿಲ್ಲ."

ಎದ್ದು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಎಷ್ಟು ಸೊಕ್ಕು ಇವಳಿಗೆ. ನನ್ನನ್ನು ಕೇಳದೆ ನನಗೆ ಮಂಚ ಗೊತ್ತು ಮಾಡಲು ಇವಳು ಯಾರು?

ಏಪ್ರಿಲ್ 7, ಸೋಮವಾರ

ಆ ರೂಮು ಎಷ್ಟು ದರಿದ್ರವಾಗಿದೆ ಎಂದು ಇವಳಿಗೆ ತೋರಿಸಿಕೊಡಲೆಂದೇ ಜತೆಗೆ ಹೋದೆ. ನನ್ನ ಎಣಿಕೆ ತಪ್ಪಾಗಲಿಲ್ಲ. ಮೆಟ್ಟಿಲು ಕಡಿದು, ಓಣಿಯ ಗಲಾಟೆಯೆಲ್ಲ ಒಳಗೆ, ಗೋಡೆಗೆ ಕೈ ಇಟ್ಟರೆ ತಣ್ಣಗೆ ಒದ್ದೆ. ಆ ತೇವದಲ್ಲಿ ಯಾವ ಸುರುಳಿಯೂ ಸುರುಳಿಯಾಗಿ ಉಳಿಯುವುದಿಲ್ಲ. ಓನರ್ ಬಾಗಿಲಲ್ಲಿ ನಿಂತು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತಿದ್ದ.

ಇವಳು ಒಳಗೆ ನಿಂತು ಕೈ ತೋರಿಸಿದಳು. "ಇಲ್ಲಿ ನಿಮ್ಮ ಮಂಚ ಅತ್ತೆ, ಕಿಟಕಿ ಪಕ್ಕ, ನಿಮಗೆ ಓದೋಕೆ ಬೆಳಕು ಬೇಕಲ್ಲ. ಈ ಕಡೆ ನಂದು. ಅಲ್ಲಿ ಸ್ಟವ್."

ನಾನು ಆ ಗೋಡೆಯಿಂದ ಈ ಗೋಡೆಗೆ ನಡೆದು ನೋಡಿದೆ. "ಟೇಬಲ್ ಎಲ್ಲಿಡ್ತೀಯ?"

"ಟೇಬಲ್ ಹಿಡಿಸಲ್ಲ. ಯಾರಿಗಾದ್ರೂ ಕೊಟ್ಬಿಡೋಣ. ನಾನು ಮಂಚದ ಮೇಲೆ ಕೂತು, ತೊಡೆ ಮೇಲೆ ಹಲಗೆ ಇಟ್ಕೊಂಡು ಮಾಡ್ತೀನಿ."

"ತೊಡೆ ಮೇಲೆ. ಬಿಸಿ ಅಂಟು ಇಟ್ಕೊಂಡು."

"ಅಭ್ಯಾಸ ಆಗುತ್ತೆ."

"ಒಂದೇ ಮಂಚ ಹಾಕಿದ್ರೆ ಟೇಬಲ್ ಹಿಡಿಸ್ತಿತ್ತು."

"ಹೂಂ."

"ಮತ್ತೆ?"

"ಮತ್ತೇನು ಅತ್ತೆ, ನಿಮ್ಮನ್ನ ಎಲ್ಲಿ ಮಲಗಿಸ್ಲಿ?" ಎಂದಳು, ಕೂಡುವ ಲೆಕ್ಕ ತಿಳಿಯದ ಮಗುವಿಗೆ ಹೇಳುವ ಹಾಗೆ.

ಇಂಥ ದಡ್ಡಿಯನ್ನು ನಾನು ನೋಡಿಯೇ ಇಲ್ಲ. ಕೈಯಲ್ಲಿರುವುದು ಅದೊಂದು ಕೆಲಸ, ಅದಕ್ಕಿರುವುದು ಅದೊಂದು ಟೇಬಲ್ಲು, ಅದನ್ನೂ ಬಿಟ್ಟುಕೊಟ್ಟು ಮುದುಕಿಯ ಮಂಚ ಹಾಕುತ್ತಾಳಂತೆ. ಆ ರೂಮಿನ ಮುಗ್ಗಲು ವಾಸನೆಯಲ್ಲಿ ಇನ್ನು ನಿಲ್ಲಲಾಗಲಿಲ್ಲ. ಓನರಿಗೆ ಬೇಡ ಎಂದು ಹೇಳಿ ಕೆಳಗಿಳಿದು, ಓಣಿಯಲ್ಲೇ ನಿಂತು ಮಗನಿಗೆ ಫೋನ್ ಮಾಡಿದೆ.

"ಮನೆ ಮಾರಲ್ಲ. ಬುಧವಾರ ಬರೋದು ಬೇಡ."

"ಯಾಕಮ್ಮಾ? ಅವಳು ನಿನ್ನ ತಲೆ ಕೆಡಿಸಿದ್ಲಾ?"

"ನನ್ನ ತಲೆ ಕೆಡಿಸೋವಷ್ಟು ಬುದ್ಧಿ ಅವಳಿಗಿಲ್ಲ ಕಣೋ."

"ಹಾಗಾದ್ರೆ ನೀನು ಇಲ್ಲಿಗೆ ಬರೋದು?"

"ನೋಡೋಣ," ಎಂದು ಫೋನ್ ಇಟ್ಟೆ.  ಒಬ್ಬನೇ ಮಗ.

ಇವಳು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗಂಡ ಬಿಟ್ಟಾಗ ಅಳದವಳು, ಬೆರಳು ಸುಟ್ಟಾಗ ಅಳದವಳು, ನಡುಬೀದಿಯಲ್ಲಿ ಹೋ ಎಂದು ಅಳಲು ಶುರುಮಾಡಿದಳು. ತರಕಾರಿ ತೂಗುತ್ತಿದ್ದವನು ತಕ್ಕಡಿ ಹಿಡಿದುಕೊಂಡೇ ನೋಡಿದ. ಬೀದಿಯಲ್ಲಿ ಅಳುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮನೆಯವರೆಗೂ ಕೈ ಹಿಡಿದು ನಡೆಸಿಕೊಂಡು ಬರಬೇಕಾಯಿತು. ಬಿಟ್ಟಿದ್ದರೆ ಕಣ್ಣು ಕಾಣದೆ ಯಾವುದಾದರೂ ಸ್ಕೂಟರಿನ ಅಡಿಗೆ ಬೀಳುತ್ತಿದ್ದಳು.